ಬ್ರೇಕ್ ಮೇಷ್ಟ್ರು ಕಟ್ಟಿದ ವಿಮಾನ

ಕಾರು ಓಡಿಸಲು ಕಲಿಸುವವರು ಆ ಊರಲ್ಲಿ ಐದಾರು ಜನ ಇದ್ದರು. ಬ್ರೇಕ್ ಮೇಷ್ಟ್ರು ಅಂದರೆ ಮಾತ್ರ ಒಬ್ಬರೇ. ಕಲಿಕೆಯ ಕಾರಿನಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಮುಂದೆ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಕಲಿಯುವವರು ತಪ್ಪಿದಾಗ ಮಾತ್ರ ಒತ್ತಬೇಕಾದ ಬ್ರೇಕು ಅದು. ಇವರು ಅದರ ಮೇಲಿಂದ ಕಾಲು ತೆಗೆದದ್ದನ್ನು ಕಂಡವರಿಲ್ಲ. ನಾಯಿ ಅಡ್ಡ ಬಂದರೂ ಬ್ರೇಕು, ಬರಬಹುದು ಅನ್ನಿಸಿದರೂ ಬ್ರೇಕು. ಬಸ್ಸಿನಲ್ಲಿ ಕೂತಾಗಲೂ ಅವರ ಬಲಗಾಲು ನೆಲ ಒತ್ತುತ್ತಲೇ ಇರುತ್ತಿತ್ತು. ಸಿನಿಮಾದಲ್ಲಿ ಕಾರು ಜೋರಾಗಿ ತಿರುಗಿದರೆ ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ, "ಸ್ವಲ್ಪ ಕಾಲು ಹಿಂದಕ್ಕಿಟ್ಕೊಳ್ಳಿ ಸ್ವಾಮಿ" ಅನ್ನಬೇಕಾಗುತ್ತಿತ್ತು.

ಕಾಲಿಗಿಂತ ಕೈ ಇನ್ನೂ ಚುರುಕು. ಕಲಿಯುವವರು ಒಂದು ಗೇಣು ಆಚೀಚೆ ಹೋದರೆ ಸಾಕು, "ಬಿಡಿ, ಬಿಡಿ, ಬಿಡಿ!" ಅನ್ನುತ್ತ ಪಕ್ಕದಿಂದ ಬಲಗೈ ಚಾಚಿ ಸ್ಟೇರಿಂಗ್ ಕಸಿದುಕೊಳ್ಳುತ್ತಿದ್ದರು. ಆಮೇಲೆ ಬಾಯಿ. ಅವರ ಬೈಗುಳದಲ್ಲಿ ಕೆಟ್ಟ ಮಾತು ಒಂದೂ ಇರುತ್ತಿರಲಿಲ್ಲ, ಆದರೆ ಕೇಳಿದವರಿಗೆ ಎರಡು ದಿನ ಊಟ ರುಚಿಸುತ್ತಿರಲಿಲ್ಲ. "ಇದು ಕಾರು, ತೊಟ್ಟಿಲಲ್ಲ, ಯಾಕೆ ತೂಗ್ತಿದ್ದೀರಿ?" ಅನ್ನುವುದು ಅವುಗಳಲ್ಲಿ ಮೃದುವಾದದ್ದು. ಹೀಗೇ ಮೂವತ್ತು ವರ್ಷ ಕಲಿಸಿದರು. ಅವರ ಕೈಯಲ್ಲಿ ಪೂರ್ತಿ ಕಲಿತವರು ಒಳ್ಳೆಯ ಚಾಲಕರೇ ಆದರು, ಸುಳ್ಳು ಹೇಳಬಾರದು. ಅರ್ಧಕ್ಕೆ ಬಿಟ್ಟು ಹೋದವರ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ.

ಐವತ್ತಾರನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಹಜಾರದ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದವರು ಸ್ಟೂಲಿನ ಸಮೇತ ಕೆಳಗೆ ಬಂದರು. ಬಲ್ಬಿಗೆ ಏನೂ ಆಗಲಿಲ್ಲ. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು.

ಆರು ವಾರ ಪ್ಲಾಸ್ಟರು. ಪ್ಲಾಸ್ಟರು ಬಿಚ್ಚಿದಾಗ ಕೈ ಸಪೂರವಾಗಿ, ಬೆರಳುಗಳು ಮರದ ಕಡ್ಡಿಗಳ ಹಾಗೆ ಸೆಟೆದು ನಿಂತಿದ್ದವು. ವ್ಯಾಯಾಮ ಮಾಡಿಸುತ್ತಿದ್ದ ಡಾಕ್ಟರಮ್ಮ ಒಂದು ಮೆತ್ತನೆಯ ಚೆಂಡು ಕೊಟ್ಟು ಹಿಸುಕಲು ಹೇಳಿದರು. ಕಾಳುಗಳನ್ನು ಒಂದೊಂದಾಗಿ ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕಲು ಹೇಳಿದರು. ಮೇಷ್ಟ್ರು ಎರಡು ದಿನ ಕಾಳು ಎತ್ತಿ ಹಾಕಿ, ಮೂರನೆಯ ದಿನ ಬಟ್ಟಲನ್ನು ಆಚೆಗೆ ತಳ್ಳಿದರು.

"ಮತ್ತೇನಾದರೂ ಸಣ್ಣ ಕೆಲಸ ಮಾಡಿ. ಬೆರಳಿಗೆ ಕೆಲಸ ಇರಬೇಕು ಅಷ್ಟೇ. ಇಲ್ಲಾಂದ್ರೆ ಹೀಗೇ ಗಟ್ಟಿಯಾಗಿಬಿಡುತ್ತೆ," ಅಂದರು ಡಾಕ್ಟರಮ್ಮ.

ಅಷ್ಟು ದಿನ ಅವರ ವಿದ್ಯಾರ್ಥಿಗಳನ್ನೆಲ್ಲ ನೋಡಿಕೊಂಡವನು ಅವರ ತಮ್ಮ. ಡ್ರೈವಿಂಗ್ ಶಾಲೆ ಅಣ್ಣತಮ್ಮಂದಿರಿಬ್ಬರದೂ, ತಮ್ಮ ಅಲ್ಲಿಯತನಕ ಆಫೀಸಿನಲ್ಲಿ ಕೂತು ಅರ್ಜಿ, ಕಾಗದಪತ್ರ ನೋಡುತ್ತಿದ್ದ. ಅವನು ಪರೀಕ್ಷೆಗೆ ಕಳಿಸಿದ ಮೊದಲ ಏಳು ಜನರಲ್ಲಿ ಆರು ಜನ ಒಂದೇ ಸಲಕ್ಕೆ ಪಾಸಾದರು. ಸುದ್ದಿ ಹೇಳಲು ಬಂದ ತಮ್ಮ ಖುಷಿಯನ್ನು ಮುಚ್ಚಿಡಲು ನೋಡಿ ಸೋತ. "ಸುಲಭದವರು ಸಿಕ್ಕಿರಬೇಕು ಬಿಡು," ಅಂದರು ಮೇಷ್ಟ್ರು. ಆವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ.

ಅವರ ಹೆಂಡತಿ ಒಂದು ಸ್ಟೇಷನರಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಪುಸ್ತಕ, ಪೆನ್ನು, ಬಣ್ಣ, ಮಕ್ಕಳ ಆಟದ ಸಾಮಾನು. ಅಲ್ಲಿ ಮೇಲಿನ ಅಟ್ಟದಲ್ಲಿ ಮೂರು ವರ್ಷದಿಂದ ಯಾರಿಗೂ ಬೇಡವಾಗಿ ಬಿದ್ದಿದ್ದ ಒಂದು ಪೆಟ್ಟಿಗೆಯನ್ನು ಒಂದು ಸಂಜೆ ಮನೆಗೆ ತಂದು ಮೇಜಿನ ಮೇಲಿಟ್ಟರು. ಮುಚ್ಚಳದ ಒಂದು ಮೂಲೆ ಹರಿದಿತ್ತು. ಮೇಲೆ ಹಳದಿ ಬಣ್ಣದ ಚಿಕ್ಕ ವಿಮಾನವೊಂದು ಮೋಡದ ಮಧ್ಯೆ ಓರೆಯಾಗಿ ಹಾರುತ್ತಿದ್ದ ಚಿತ್ರ.

"ಏನಿದು?"

"ವಿಮಾನ. ಬಿಡಿಬಿಡಿಯಾಗಿ ಇದೆ, ಜೋಡಿಸಿ ಬಣ್ಣ ಹಚ್ಚಬೇಕಂತೆ. ಬೆರಳಿಗೆ ಕೆಲಸ."

ಮೇಷ್ಟ್ರು ಪೆಟ್ಟಿಗೆ ತಿರುಗಿಸಿ ನೋಡಿದರು. "ಹತ್ತು ವರ್ಷ ಮೇಲ್ಪಟ್ಟವರಿಗೆ ಅಂತ ಬರೆದಿದೆ."

"ನಿಮಗೆ ಆಗಿದೆಯಲ್ಲ," ಅಂದು ಹೆಂಡತಿ ಒಳಗೆ ಹೋದರು.

ಒಳಗಿದ್ದದ್ದು ಬೂದು ಪ್ಲಾಸ್ಟಿಕ್ಕಿನ ಮೂರು ಚೌಕಟ್ಟು. ಪ್ರತಿ ಚೌಕಟ್ಟಿನ ಕಡ್ಡಿಗಳಿಗೂ ವಿಮಾನದ ಭಾಗಗಳು ಕಾಯಿಗಳ ಹಾಗೆ ಅಂಟಿಕೊಂಡಿದ್ದವು: ರೆಕ್ಕೆ, ಬಾಲ, ಚಕ್ರ, ಉಗುರಿಗಿಂತ ಚಿಕ್ಕದಾದ ಸೀಟು. ಸೀಟುಗಳ ಮೇಲೆ ಕೂರುವ ಒಂದು ಪಾರದರ್ಶಕ ಮುಚ್ಚಳ. ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ ಒಂದು ಚೂರು ಹಾಳೆ. ಎಂಟು ಮಡಿಕೆಯ ಸೂಚನೆಯ ಕಾಗದ. ಮೇಷ್ಟ್ರು ಕಾಗದವನ್ನು ಹಾಗೇ ಪಕ್ಕಕ್ಕಿಟ್ಟು ಕನ್ನಡಕ ಏರಿಸಿದರು. ಎರಡು ಸೀಟು ಒಂದರ ಹಿಂದೊಂದು. ಎರಡು ಸೀಟಿನ ಮುಂದೆಯೂ ಒಂದೊಂದು ಹಿಡಿಕೋಲು, ಕಾಲಿಗೆ ಒಂದೊಂದು ಜೊತೆ ಪೆಡಲು. ಅವರು ಚಿಮಟದಲ್ಲಿ ಹಿಡಿಕೋಲನ್ನು ಬೆಳಕಿಗೆ ಹಿಡಿದು ಜೋರಾಗಿ ಕೂಗಿದರು.

"ಲೇ, ಬಾ ಇಲ್ಲಿ! ಇದು ಕಲಿಸೋ ವಿಮಾನ ಕಣೇ! ಮೇಷ್ಟ್ರಿಗೂ ಬೇರೆ ಹ್ಯಾಂಡಲ್ ಇದೆ!"

ಎಷ್ಟೋ ವಾರಗಳಿಂದ ಆ ಮನೆಯಲ್ಲಿ ಅಂಥ ದನಿ ಕೇಳಿರಲಿಲ್ಲ. ಹೆಂಡತಿ ಬಂದು ನೋಡಿ, "ಹೌದಲ್ಲ," ಅಂದು ಸುಮ್ಮನೆ ನಕ್ಕರು.

ಮುಂದಿನ ನಾಲ್ಕು ದಿನ ಮೇಷ್ಟ್ರು ಆ ವಿಮಾನಕ್ಕೆ ಮಾಡಬಾರದ್ದನ್ನೆಲ್ಲ ಮಾಡಿದರು. ಭಾಗಗಳನ್ನು ಕತ್ತರಿಸದೆ ಕೈಯಲ್ಲೇ ತಿರುಚಿ ಕಿತ್ತರು. ಕಿತ್ತಲ್ಲೆಲ್ಲ ಬೆಳ್ಳಗೆ ಗಾಯ ಉಳಿಯಿತು. ಅಂಟನ್ನು ರೊಟ್ಟಿಗೆ ಜಾಮು ಹಚ್ಚಿದಂತೆ ಹಚ್ಚಿದರು. ಆ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಜಾತಿಯದು ಅನ್ನುವುದು ಅವರಿಗೆ ತಿಳಿದದ್ದು ಎಡರೆಕ್ಕೆಯ ಮೇಲೆ ಅವರ ಹೆಬ್ಬೆಟ್ಟಿನ ಗುರುತು ಅಚ್ಚೊತ್ತಿದಂತೆ ಮೂಡಿದಾಗ. ಪಾರದರ್ಶಕ ಮುಚ್ಚಳಕ್ಕೆ ಮನೆಯಲ್ಲಿದ್ದ ಬೇರೆ ಅಂಟು ಹಾಕಿದರು, ಕ್ಷಣದಲ್ಲಿ ಹಿಡಿಯುವಂಥದ್ದು. ಬೆಳಗಾಗುವಷ್ಟರಲ್ಲಿ ಮುಚ್ಚಳಕ್ಕೆ ಪೊರೆ ಬಂದಿತ್ತು. ಬಣ್ಣಕ್ಕೇನೂ ಕೊರತೆಯಿರಲಿಲ್ಲ, ಕಾರಿನ ತಲೆಯ ಮೇಲಿನ ಬೋರ್ಡಿಗೆ ಬಳಿದು ಮಿಕ್ಕ ಹಳದಿ ಎಣ್ಣೆಬಣ್ಣ ಅರ್ಧ ಡಬ್ಬ ಇತ್ತು. ಅದನ್ನೇ ಬಳಿದರು. ಬಣ್ಣ ರೆಕ್ಕೆಯ ಅಂಚಿನಿಂದ ಇಳಿದು ತೊಟ್ಟಿಕ್ಕುವಷ್ಟು ದಪ್ಪವಾಗಿ ಕೂತಿತು. ಪ್ಲಾಸ್ಟಿಕ್ಕಿನ ಮೇಲೆ ಕೊರೆದಿದ್ದ ನವಿರಾದ ಗೆರೆಗಳೆಲ್ಲ ಅದರಡಿ ಮುಚ್ಚಿಹೋದವು.

ಐದನೆಯ ದಿನ ಚಕ್ರ ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿದರು. ವಿಮಾನ ಮೂತಿ ಎತ್ತಿ ಬಾಲದ ಮೇಲೆ ಕೂತುಬಿಟ್ಟಿತು. ಮೂತಿ ಒತ್ತಿ ಇಳಿಸಿದರು. ಬಿಟ್ಟ ಕೂಡಲೇ ಮತ್ತೆ ಕೂತಿತು. ಹೆಂಡತಿ ಸೂಚನೆಯ ಕಾಗದ ಬಿಡಿಸಿ ಓದಿದರು: "ಒಡಲಿನ ಎರಡು ಹೋಳು ಅಂಟಿಸುವ ಮೊದಲು ಮೂತಿಯೊಳಗೆ ತೂಕ ಇಡಬೇಕು ಅಂತ ಇಲ್ಲಿದೆ. ದಪ್ಪಕ್ಷರದಲ್ಲಿ."

ಮೇಷ್ಟ್ರು ಎದ್ದು ಹೋಗಿ ಕೈ ತೊಳೆದುಕೊಂಡರು. ಹಿಂತಿರುಗಿ ಬಂದು, "ಬಿಸಾಕು ಇದನ್ನ," ಅಂದರು.

ಹೆಂಡತಿ ಬಿಸಾಕಲಿಲ್ಲ. ಹಿಂದಿನ ಬೀದಿಯಲ್ಲಿ ಹಲ್ಲಿನ ಸೆಟ್ಟು ಮಾಡುವ ಒಬ್ಬಾಕೆ ಇದ್ದರು. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಕಟ್ಟುಹಲ್ಲು, ಹಲ್ಲಿನ ಟೋಪಿ ಎಲ್ಲ ತಯಾರಿಸುವ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ನಲವತ್ತರ ಆಸುಪಾಸು, ಒಬ್ಬರೇ ಇದ್ದರು, ಮಾತು ಕಡಿಮೆ, ಆಡಿದ್ದು ಖಾರ. ಬಣ್ಣ, ಸಣ್ಣ ಬ್ರಷ್ಷು ಬೇಕಾದಾಗ ಅಂಗಡಿಗೆ ಬರುತ್ತಿದ್ದರು. ಬಿಡುವಿನಲ್ಲಿ ಇಂಥ ವಿಮಾನ, ಹಡಗುಗಳನ್ನು ಕಟ್ಟುತ್ತಾರೆ ಅನ್ನುವುದು ಮೇಷ್ಟ್ರ ಹೆಂಡತಿಗೆ ಹಾಗೇ ತಿಳಿದಿತ್ತು.

"ಅವರ ಹತ್ರ ತೋರಿಸ್ಕೊಂಡು ಬನ್ನಿ."

ಮೇಷ್ಟ್ರ ಮುಖ ಇಳಿಯಿತು. "ಅವರು ನನ್ನ ಹತ್ರ ಕಾರು ಕಲಿಯೋಕೆ ಬಂದಿದ್ರು."

"ಗೊತ್ತು. ಅಳ್ತಾ ಇಳಿದು ಹೋಗಿದ್ದೂ ಗೊತ್ತು. ಈಗ ನೀವು ಅಳೋ ಹಾಗಿದ್ದೀರಲ್ಲ, ಹೋಗಿ ಬನ್ನಿ."

ಶನಿವಾರ ಮಧ್ಯಾಹ್ನ ಮೇಷ್ಟ್ರು ಬೂಟಿನ ಡಬ್ಬಿಯೊಳಗೆ ಹಳೆಯ ಟವೆಲು ಹಾಸಿ, ಅದರೊಳಗೆ ವಿಮಾನ ಮಲಗಿಸಿಕೊಂಡು ಹೋದರು. ಕೋಣೆಯ ತುಂಬ ಮೇಣದ ವಾಸನೆ. ಕಪಾಟಿನಲ್ಲಿ ಸಾಲಾಗಿ ಬಿಳಿಯ ದವಡೆಗಳು ನಗುತ್ತಿದ್ದವು. ಅವುಗಳ ಮೇಲಿನ ಸಾಲಿನಲ್ಲಿ ಒಂಬತ್ತು ವಿಮಾನ, ಎರಡು ಹಡಗು. ಆಕೆ ಡಬ್ಬಿಯ ಮುಚ್ಚಳ ತೆಗೆದು ತುಂಬ ಹೊತ್ತು ನೋಡಿದರು.

"ಸರ್, ಇದಕ್ಕೆ ಏನಾಯ್ತು?"

"ನಾನೇ ಆದೆ," ಅಂದರು ಮೇಷ್ಟ್ರು.

ಆಕೆಗೆ ನಗು ಬಂತು. ತಡೆದುಕೊಂಡು ಅಂದರು: "ಹನ್ನೊಂದು ಕ್ಲಾಸ್ ಬಂದಿದ್ದೆ ನಿಮ್ಮ ಹತ್ರ. ಅದರಲ್ಲಿ ಸ್ಟೇರಿಂಗ್ ನನ್ನ ಕೈಲಿ ಇದ್ದಿದ್ದು ಎಷ್ಟು ಹೊತ್ತು ಹೇಳಿ?"

ಮೇಷ್ಟ್ರು ಡಬ್ಬಿಯೊಳಗಿನ ಟವೆಲನ್ನು ಸರಿಪಡಿಸತೊಡಗಿದರು.

"ಹೋಗ್ಲಿ. ಹೇಳಿಕೊಡ್ತೀನಿ. ಆದ್ರೆ ಒಂದು ಷರತ್ತು. ಕೆಲಸವೆಲ್ಲ ನಿಮ್ಮ ಕೈಯೇ ಮಾಡ್ಬೇಕು. ನನ್ನ ಕೈಗೆ ಕೊಟ್ಟು 'ನೀವೇ ಮಾಡ್ಬಿಡಿ' ಅನ್ನೋ ಹಾಗಿಲ್ಲ. ನಾನೂ ಮುಟ್ಟಲ್ಲ."

"ಕೈ ನಡುಗುತ್ತಮ್ಮ."

"ನಡುಗ್ಲಿ. ನಂಗೂ ನಡುಗ್ತಿತ್ತು, ಕಾರಲ್ಲಿ."

ಮೊದಲ ಕೆಲಸ ಬಣ್ಣ ಕೀಳುವುದು. ಥಿನ್ನರು ಹಾಕಿದರೆ ಪ್ಲಾಸ್ಟಿಕ್ಕೇ ಕರಗುತ್ತದೆ, ಏನು ಮಾಡುವುದು ಅಂತ ಆಕೆ ಯೋಚಿಸುತ್ತಿದ್ದಾಗ ಮೇಷ್ಟ್ರು ತಡವರಿಸುತ್ತ ಹೇಳಿದರು: "ಬ್ರೇಕ್ ಆಯಿಲ್ ಬಿದ್ರೆ ಕಾರಿನ ಬಣ್ಣ ಎದ್ದು ಬರುತ್ತೆ. ನಮ್ಮ ಕಾರಿನ ಬಾನೆಟ್ ಮೇಲೇ ಒಂದ್ಸಲ ಆಗಿದೆ." ಖಾಲಿ ಚೌಕಟ್ಟಿನ ತುಂಡೊಂದಕ್ಕೆ ಹಳದಿ ಬಳಿದು, ಒಣಗಿಸಿ, ಬ್ರೇಕ್ ಆಯಿಲಿನಲ್ಲಿ ಮುಳುಗಿಸಿ ನೋಡಿದರು. ಬಣ್ಣ ಸುಕ್ಕುಗಟ್ಟಿ ಸಿಪ್ಪೆಯ ಹಾಗೆ ಎದ್ದಿತು, ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ಆಕೆ, "ಇದು ನನಗೆ ಗೊತ್ತಿರಲಿಲ್ಲ," ಅಂದರು. ಮೇಷ್ಟ್ರ ಬೆನ್ನು ಒಂದಿಷ್ಟು ನೆಟ್ಟಗಾಯಿತು. ಕೈಗವಸು ಹಾಕಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಉಜ್ಜಿ, ಎರಡು ಮಧ್ಯಾಹ್ನಗಳಲ್ಲಿ ವಿಮಾನವನ್ನು ಮತ್ತೆ ಬೂದು ಬಣ್ಣಕ್ಕೆ ತಂದರು. ಹೆಬ್ಬೆಟ್ಟಿನ ಗುರುತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಚ್ಚಿದ ಎಮರಿ ಪೇಪರಿನಲ್ಲಿ ತೀಡಿದರು. ಪೊರೆ ಬಂದ ಮುಚ್ಚಳವನ್ನು ಕಟ್ಟುಹಲ್ಲಿಗೆ ಹೊಳಪು ಕೊಡುವ ಪೇಸ್ಟಿನಲ್ಲಿ ಹತ್ತಿಬಟ್ಟೆಯಿಂದ ಉಜ್ಜಿದರು. ಅದು ಅರ್ಧ ಗಂಟೆಗೊಂದು ಎಳೆಯಷ್ಟು ತಿಳಿಯಾಗುತ್ತ ಬಂತು.

ಆಕೆ ತಾವು ಹೇಳಿದಂತೆಯೇ ನಡೆದುಕೊಂಡರು. ಪಕ್ಕದ ಸ್ಟೂಲಿನ ಮೇಲೆ ಕೂತು, ಎರಡು ಕೈಯನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ನೋಡುತ್ತಿದ್ದರು. ಒಮ್ಮೆ ಮೇಷ್ಟ್ರ ಬೆರಳು ಸೆಳೆದುಕೊಂಡು ಚಿಮಟದಲ್ಲಿದ್ದ ಚಕ್ರದ ಕಂಬಿ ಪಟ್ಟನೆ ಎರಡಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು, ಏಟು ಬೀಳುತ್ತದೆ ಅನ್ನುವವರ ಹಾಗೆ. ಏನೂ ಕೇಳಿಸಲಿಲ್ಲ.

"ಬೈಯಿರಿ ಬೇಕಾದ್ರೆ," ಅಂದರು.

"ಬೈದ್ರೆ ಅಂಟುತ್ತಾ?"

ಮೇಷ್ಟ್ರು ತುಂಡುಗಳನ್ನು ಹುಡುಕಿ ಎತ್ತಿಕೊಂಡು ಮತ್ತೆ ಶುರು ಮಾಡಿದರು.

ಮೂತಿಯ ತೂಕದ ಪ್ರಶ್ನೆ ಉಳಿದಿತ್ತು. ಆಕೆ ಎರಡು ದಾರಿ ತೋರಿಸಿದರು. ಬಾಲದ ಕೆಳಗೆ ಕಾಣದ ಹಾಗೆ ಒಂದು ಪಾರದರ್ಶಕ ಕಡ್ಡಿ ಕೊಟ್ಟು ನಿಲ್ಲಿಸಬಹುದು, ಸುಲಭ. ಇಲ್ಲವೇ ಅಂಟಿದ ಒಡಲನ್ನು ಗರಗಸ ಹಾಕಿ ಬಿಚ್ಚಬೇಕು. ಕಷ್ಟ, ಮುರಿದರೂ ಮುರಿಯಬಹುದು. ಮೇಷ್ಟ್ರು ಒಂದು ವಾರ ತೆಗೆದುಕೊಂಡರು. ಮುಂದಿನ ಶನಿವಾರ ಬಂದು, "ಬಿಚ್ಚೋಣ. ಊರುಗೋಲು ಬೇಡ," ಅಂದರು. ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಟೈರು ಅಂಗಡಿಯಲ್ಲಿ ಚಕ್ರದ ಸಮತೂಕಕ್ಕೆ ಬಡಿಯುವ ಸೀಸದ ತುಂಡುಗಳು.

ಕೂದಲೆಳೆಯಂಥ ಗರಗಸದಿಂದ, ಅಂಟಿದ ಗೆರೆಗುಂಟ, ಒಂದು ಸಲಕ್ಕೆ ಒಂದು ಎಳೆತದಂತೆ ಕೊಯ್ಯಬೇಕಿತ್ತು. ಮಣಿಕಟ್ಟು ನೋಯುತ್ತಿತ್ತು. ಐದು ನಿಮಿಷ ಕೊಯ್ದು ಐದು ನಿಮಿಷ ಕೈ ಇಳಿಬಿಡುವುದು. ಹಾಗೆ ಕೈ ಇಳಿಬಿಟ್ಟುಕೊಂಡು ಕೂತಿದ್ದಾಗಲೇ ಮೇಷ್ಟ್ರು ಆ ಮಾತು ತೆಗೆದದ್ದು. ಯಾರೂ ಕೇಳಿರಲಿಲ್ಲ.

"ಆಗ ನಾನು ಕಲಿಸೋಕೆ ಶುರು ಮಾಡಿ ಎರಡು ವರ್ಷ ಆಗಿತ್ತು. ಕಾಲೇಜು ಹುಡುಗಿ ಒಬ್ಬಳು. ಚೆನ್ನಾಗೇ ಓಡಿಸ್ತಿದ್ಲು. ನಾನು ಕಾಲು ಚಾಚ್ಕೊಂಡು ಕಿಟಕಿ ಆಚೆ ನೋಡ್ತಿದ್ದೆ. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿಬಿಟ್ಲು. ಕಾರು ಫುಟ್‌ಪಾತ್ ಹತ್ತಿತು. ಅಲ್ಲಿ ಬೀಗದ ಕೈ ಮಾಡೋನೊಬ್ಬ ಕೂತಿದ್ದ. ಅವನ ಕಾಲು ಹೋಯ್ತು. ಹೋಯ್ತು ಅಂದ್ರೆ ಮುರೀತು, ಕೂಡಿಸಿದ್ರು, ಆದ್ರೆ ಕುಂಟು ಉಳೀತು. ಮತ್ತೆ ಅದೇ ಜಾಗದಲ್ಲಿ ಹತ್ತು ವರ್ಷ ಕೂತಿದ್ದ. ನಾನು ಆ ಬೀದಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

ಆಕೆ ಕೇಳಿದರು: "ಆ ಹುಡುಗಿ ಮತ್ತೆ ಕಾರು ಓಡಿಸಿದ್ಲಾ?"

"ಗೊತ್ತಿಲ್ಲ," ಅಂದರು ಮೇಷ್ಟ್ರು. "ಕೇಳಲೇ ಇಲ್ಲ ನಾನು."

ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅದು ತಲೆಗೆ ಬಂದಿರಲಿಲ್ಲ ಅನ್ನುವುದು ಅವರಿಗೇ ಆಶ್ಚರ್ಯವಾಯಿತು. ಗರಗಸ ಎತ್ತಿಕೊಂಡರು. ಸಂಜೆ ಐದರ ಹೊತ್ತಿಗೆ ಒಡಲು ಎರಡು ಹೋಳಾಗಿ ಮೇಜಿನ ಮೇಲೆ ಮಲಗಿತು. ಒಂದು ಕಡೆ ಅಂಚು ಮುಕ್ಕಾಗಿತ್ತು, ಅಷ್ಟೇ. ಸೀಸದ ತುಂಡುಗಳನ್ನು ಚಿಕ್ಕದಾಗಿ ಕತ್ತರಿಸಿ ಮೂತಿಯೊಳಗೆ ಮೆತ್ತಿ, ಟೇಪು ಸುತ್ತಿ ನಿಲ್ಲಿಸಿ ನೋಡಿದರು. ವಿಮಾನ ಮೂರು ಚಕ್ರದ ಮೇಲೂ ಗಟ್ಟಿಯಾಗಿ ನಿಂತಿತು. ಮೇಷ್ಟ್ರು ಅದರ ಬಾಲವನ್ನು ಒತ್ತಿ ಒತ್ತಿ ಬಿಟ್ಟರು, ಪ್ರತಿ ಸಲವೂ ಮೂತಿ ತಾನಾಗಿ ಕೆಳಗೆ ಬಂತು. ಆರೇಳು ಸಲ ಮಾಡಿದ ಮೇಲೆ ಆಕೆ, "ಸಾಕು ಸರ್, ಅದಕ್ಕೆ ತಲೆ ಸುತ್ತುತ್ತೆ," ಅಂದರು.

ಬಣ್ಣದ ಪಾಠಕ್ಕೆ ಮೂರು ವಾರ ಹಿಡಿಯಿತು. ಮೊದಲು ಬೂದು ಪ್ರೈಮರು. ಹಳದಿಯನ್ನು ಹಾಲಿನಷ್ಟು ತೆಳ್ಳಗೆ ಕಲಸಿ, ಬ್ರಷ್ಷಿನ ತುದಿಯನ್ನಷ್ಟೇ ಅದ್ದಿ, ಡಬ್ಬಿಯ ಅಂಚಿಗೆ ಒರೆಸಿ, ಒಂದೇ ದಿಕ್ಕಿಗೆ ಎಳೆಯಬೇಕು. ಎಳೆದ ಮೇಲೆ ತಿರುಗಿ ಅದರ ಮೇಲೆ ಹೋಗಬಾರದು. ಮೊದಲ ಪದರ ಹಚ್ಚಿದಾಗ ಬೂದು ಹಾಗೇ ಕಾಣುತ್ತಿತ್ತು; ಕಾಮಾಲೆ ರೋಗಿಯ ಕಣ್ಣಿನ ಹಾಗೆ ಕಾಣುತ್ತದೆ ಅಂತ ಮೇಷ್ಟ್ರು ಗೊಣಗಿದರು. ಇನ್ನೊಂದಿಷ್ಟು ಹಚ್ಚಲೇ ಅಂತ ಕೈ ತುಡಿಯುತ್ತಿತ್ತು. "ಬೇಡ, ಒಣಗ್ಲಿ. ನಾಳೆ," ಅನ್ನುತ್ತಿದ್ದರು ಆಕೆ. ಹೀಗೆ ಐದು ಪದರ. ನಾಲ್ಕನೆಯದರಲ್ಲಿ ಹಳದಿ ಹಳದಿಯಾಗಿ ಕಂಡಿತು. ಬಣ್ಣ ಗಾಜಿಗೆ ತಾಗದಂತೆ ಮುಚ್ಚಳದ ಚೌಕಟ್ಟಿನ ಗುಂಟ ಮಾಸ್ಕಿಂಗ್ ಟೇಪನ್ನು ಎಳೆಎಳೆಯಾಗಿ ಸೀಳಿ ಅಂಟಿಸಲು ಎರಡು ದಿನ. ನೀರಿನಲ್ಲಿ ನೆನೆಸಿದ ಚಿತ್ರಗಳಲ್ಲಿ ಒಂದು ಸಂಖ್ಯೆ ಜಾರಿ ಮಡಚಿಕೊಂಡಿತು. ಬಿಡಿಸುವಾಗ ಹರಿಯಿತು. ವಿಮಾನದ ಎಡಮಗ್ಗುಲಲ್ಲಿ ನಾಲ್ಕೂ ಅಂಕಿ ಇವೆ, ಬಲಮಗ್ಗುಲಲ್ಲಿ ಮೂರೂವರೆ.

ಇಷ್ಟರಲ್ಲಿ ಬೆರಳುಗಳು ಮಡಚತೊಡಗಿದ್ದವು. ಡಾಕ್ಟರಮ್ಮ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿದಾಗ ಮೇಷ್ಟ್ರು ಮುಟ್ಟಿಸಿ ತೋರಿಸಿದರು. ಇನ್ನು ಕೆಲಸಕ್ಕೆ ಹೋಗಬಹುದು ಅಂದರು ಡಾಕ್ಟರಮ್ಮ.

ಕೆಲಸಕ್ಕೆ ಹೋದ ಮೊದಲ ದಿನ ಅವರು ಕಾರನ್ನು ನೇರವಾಗಿ ಹಿಂದಿನ ಬೀದಿಗೆ ತಂದು ಹಾರನ್ ಮಾಡಿದರು. ಆಕೆ ಹೊರಗೆ ಬಂದರು, ಕೈಯಲ್ಲಿ ಯಾರದೋ ಮೇಲ್ದವಡೆ.

"ಹನ್ನೆರಡನೇ ಕ್ಲಾಸು ಬಾಕಿ ಇದೆ," ಅಂದರು ಮೇಷ್ಟ್ರು.

"ನಂಗೆ ಇನ್ನು ಬೇಡ ಸರ್. ಬಸ್ಸಲ್ಲೇ ಅಭ್ಯಾಸ ಆಗಿದೆ."

ಆಕೆ ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ತಯಾರಾದ ಸೆಟ್ಟುಗಳನ್ನು ಚೀಲದಲ್ಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಒಂದೊಂದೇ ಕ್ಲಿನಿಕ್ಕಿಗೆ ಮುಟ್ಟಿಸುವುದರಲ್ಲಿ ವಾರಕ್ಕೆ ಎರಡು ದಿನ ಹೋಗುತ್ತಿತ್ತು. ಅದಕ್ಕೇ ಕಲಿಯಲು ಬಂದಿದ್ದದ್ದು. ಅವರ ಸೋದರಮಾವನ ಹಳೆಯ ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿತ್ತು.

"ನಿಮ್ಮದೇ ಷರತ್ತು. ಕೆಲಸವೆಲ್ಲ ನಿಮ್ಮ ಕೈಯೇ ಮಾಡುತ್ತೆ. ನಾನು ಮುಟ್ಟಲ್ಲ," ಅಂದರು ಮೇಷ್ಟ್ರು.

ಆಕೆ ಒಳಗೆ ಹೋಗಿ ದವಡೆ ಇಟ್ಟು, ಕೈ ತೊಳೆದು ಬಂದು ಸ್ಟೇರಿಂಗಿನ ಮುಂದೆ ಕೂತರು.

ಮುಟ್ಟದೇ ಇರುವುದು ಮೇಷ್ಟ್ರಿಗೆ ಮೂಳೆ ಮುರಿದದ್ದಕ್ಕಿಂತ ಕಷ್ಟವಾಯಿತು. ಬಲಗಾಲನ್ನು ಎಡಗಾಲಿನ ಹಿಂದೆ ಸಿಕ್ಕಿಸಿಕೊಂಡರು. ಎರಡು ಕೈಯಲ್ಲೂ ಸೀಟು ಬೆಲ್ಟು ಹಿಡಿದುಕೊಂಡರು, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ. ಆಕೆ ಗೇರು ಬದಲಿಸಿದಾಗ ಕಾರು ಕೆಮ್ಮಿತು. ಮೇಷ್ಟ್ರು ತುಟಿ ಕಚ್ಚಿದರು. ಏರು ರಸ್ತೆಯಲ್ಲಿ ಗಾಡಿ ಮೂರು ಸಲ ನಿಂತುಹೋಯಿತು. ಹಿಂದಿನವರು ಹಾರನ್ ಬಾರಿಸಿದರು.

"ಹಿಂದಿನವ್ರಿಗೆ ಅರ್ಜೆಂಟ್ ಇದ್ರೆ ಹಾರ್ಕೊಂಡು ಹೋಗ್ಲಿ. ನೀವು ನಿಧಾನಕ್ಕೆ ಕ್ಲಚ್ ಬಿಡಿ. ತೆಳ್ಳಗೆ. ಬಣ್ಣ ಹಚ್ಚಿದ ಹಾಗೆ."

ಕಾರು ನಡುಗಿ, ಮೆಲ್ಲಗೆ ಏರು ಹತ್ತಿತು. ಮೇಲೆ ಬಂದ ಮೇಲೆ ಆಕೆ ಓರೆಗಣ್ಣಲ್ಲಿ ನೋಡಿ ಹೇಳಿದರು: "ಈಗ ಉಸಿರು ಬಿಡಿ ಸರ್."

ಒಂದೇ ಒಂದು ಸಲ ಅವರ ಕಾಲು ಬ್ರೇಕಿಗೆ ಹೋಯಿತು. ಅಡ್ಡರಸ್ತೆಯಿಂದ ಸೈಕಲ್ಲಿನವನೊಬ್ಬ ಹಿಂದೆಮುಂದೆ ನೋಡದೆ ನುಗ್ಗಿದ. ಆಕೆ ಅವನನ್ನು ಕಂಡಿರಲಿಲ್ಲ. ಕಾರು ಅವನ ಹಿಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ ನಿಂತಿತು. ಸೈಕಲ್ಲಿನವನು ಬೈದು ಹೋದ. ಆಕೆ ಕಾರನ್ನು ಬದಿಗೆ ಹಾಕಿದರು.

"ಅದು ಬೇಕಿತ್ತು," ಅಂದರು ಆಕೆ.

"ಅದಕ್ಕೇ ಇಟ್ಟಿರೋದು," ಅಂದರು ಮೇಷ್ಟ್ರು.

ಆಕೆ ಮೊದಲ ಪರೀಕ್ಷೆಯಲ್ಲಿ ಫೇಲಾದರು, ಏರಿನಲ್ಲೇ. ಹಳೆಯ ಮೇಷ್ಟ್ರಾಗಿದ್ದರೆ ಆರ್‌ಟಿಒ ಆಫೀಸಿನ ಮುಂದೆಯೇ ಒಂದು ಭಾಷಣ ಆಗುತ್ತಿತ್ತು. ಈ ಸಲ ಮೇಷ್ಟ್ರು ಟೀ ಕುಡಿಸಿ, ಅದೇ ಏರಿಗೆ ಕರೆದುಕೊಂಡು ಹೋಗಿ ಹದಿನಾಲ್ಕು ಸಲ ಹತ್ತಿಸಿದರು. ಎರಡನೆಯ ಪರೀಕ್ಷೆಯಲ್ಲಿ ಆಕೆ ಪಾಸಾದರು. ಮಾರನೆಯ ವಾರವೇ ಸೋದರಮಾವನ ಕಾರಿನ ಹಿಂದಿನ ಸೀಟಿನಲ್ಲಿ ಹದಿಮೂರು ಜನರ ಹಲ್ಲುಗಳನ್ನು ಇಟ್ಟುಕೊಂಡು, ಊರಿನ ಆ ತುದಿಯ ಕ್ಲಿನಿಕ್ಕಿನವರೆಗೆ ಒಬ್ಬರೇ ಹೋಗಿ ಬಂದರು. ಬಾಗಿಲಿಗೆ ಒಂದು ಗೀರು ಬಿತ್ತು. ಅದು ಗೇಟಿನ ತಪ್ಪು ಅಂತ ಅವರ ವಾದ.

ಮೇಷ್ಟ್ರು ರಾತ್ರೋರಾತ್ರಿ ಸಾಧುವಾದರು ಅಂತ ಯಾರೂ ತಿಳಿಯಬಾರದು. ಈಗಲೂ ಬೈಯುತ್ತಾರೆ, ಅರ್ಧ ವಾಕ್ಯಕ್ಕೆ ನಿಲ್ಲಿಸುತ್ತಾರೆ. ಆ ಅರ್ಧವೇ ಕೆಲವರಿಗೆ ಸಾಕಾಗುತ್ತದೆ. ಆದರೆ ಕೈ ಸ್ಟೇರಿಂಗಿಗೆ ಹೋಗುವುದು ಅಪರೂಪ. ಹೆದರಿಕೆಯವರು, ಬೇರೆ ಕಡೆ ಬಿಟ್ಟು ಬಂದವರು, ವಯಸ್ಸಾದ ಮೇಲೆ ಕಲಿಯುವವರು ಬಂದರೆ ತಮ್ಮ ಈಗ ಅಣ್ಣನ ಕಡೆಗೇ ಕಳಿಸುತ್ತಾನೆ. ಹಳದಿ ವಿಮಾನ ಶಾಲೆಯ ಆಫೀಸಿನಲ್ಲಿ, ಅರ್ಜಿಗಳ ಕಪಾಟಿನ ಮೇಲಿದೆ. ಎಡರೆಕ್ಕೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೆಬ್ಬೆಟ್ಟಿನ ಎರಡು ಮೂರು ಗೆರೆ ಇನ್ನೂ ಕಾಣುತ್ತವೆ. ಯಾರು ಮಾಡಿದ್ದು ಅಂತ ಯಾರಾದರೂ ಕೇಳಿದರೆ ಮೇಷ್ಟ್ರು, "ಹೊಸಬರೊಬ್ಬರು," ಅನ್ನುತ್ತಾರೆ.

ಶನಿವಾರದ ಮಧ್ಯಾಹ್ನಗಳು ಮುಂದುವರಿದವು. ಮೇಷ್ಟ್ರ ಎರಡನೆಯ ವಿಮಾನ ಇನ್ನೂ ಮುಗಿದಿಲ್ಲ. ಅದರ ನಡುವೆ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಅಂಗಡಿಗೆ ರಜೆಯಿದ್ದ ಒಂದು ದಿನ, ಇವರಿಬ್ಬರೂ ಅಷ್ಟು ಹೊತ್ತು ಏನು ಮಾಡುತ್ತಾರೆ ನೋಡೋಣ ಅಂತ ಮೇಷ್ಟ್ರ ಹೆಂಡತಿಯೂ ಬಂದರು. ಬಂದವರು ಸುಮ್ಮನೆ ಕೂರಲಾಗದೆ ಕಪಾಟಿನಲ್ಲಿ ಅರ್ಧಕ್ಕೆ ನಿಂತಿದ್ದ ಹಡಗೊಂದನ್ನು ಕೇಳಿ ತೆಗೆದುಕೊಂಡು, ಅದರ ಅಟ್ಟಣೆಯ ಹಲಗೆಗಳಿಗೆ ಒಂದೊಂದಕ್ಕೂ ತುಸು ಬೇರೆ ಬೇರೆ ಕಂದು ಬಣ್ಣ ಹಚ್ಚಿದರು. ಕನ್ನಡಕವೂ ಇಲ್ಲದೆ. ಒಂದು ಹಲಗೆಯ ಬಣ್ಣ ಇನ್ನೊಂದರ ಮೇಲೆ ಹರಿಯಲಿಲ್ಲ. ಹಲ್ಲಿನಾಕೆ ಭೂತಗನ್ನಡಿ ಹಿಡಿದು ನೋಡಿ, "ಅಕ್ಕಾ, ಇದನ್ನ ಎಲ್ಲಿ ಕಲಿತ್ರಿ?" ಅಂದರು.

"ಎಲ್ಲೂ ಇಲ್ಲಪ್ಪ. ಹೀಗಲ್ವಾ ಮಾಡೋದು?"

ಮೇಷ್ಟ್ರು ಎದ್ದು ಬಂದು ಹೆಂಡತಿಯ ಹೆಗಲ ಮೇಲಿಂದ ಬಗ್ಗಿ ನೋಡಿದರು. ಅಲ್ಲೊಂದು ಹಲಗೆ ಬಾಕಿ ಉಳಿದದ್ದು ಕಂಡು, "ಇಲ್ಲಿ ಕೊಡು, ಅದೊಂದನ್ನ ನಾನು..." ಅಂತ ಕೈ ಚಾಚಿದರು.

"ಆ ಕಡೆ ಸರೀರಿ," ಅಂದರು ಹೆಂಡತಿ ತಲೆಯೆತ್ತದೆ. "ಬೆಳಕು ಬರ್ತಿಲ್ಲ."